ಎಡಗೆನ್ನೆಯ ಬಿಸಿಲು

"ಮುಸುಕು ಕೀಳೇ ಬೋಸುಡಿ! ಮದುವೆ ಮನೆಗೆ ಹೊಂಟಿದ್ದೀಯಾ? ಮುಖ ಕೊಡು ಇಲ್ಲಿ."

ಬಸ್ಸಿನ ಬಾಗಿಲಿಗೆ ಅಡ್ಡ ನಿಂತಿದ್ದ ಮೇಸ್ತ್ರಿ ಕತಾಲ್ದೊ ಲೆನುತ್ಸಾಳ ತಲೆವಸ್ತ್ರವನ್ನು ಕಿವಿಯ ಹಿಂದಕ್ಕೆ ಎಳೆದ. ಗಲ್ಲ ಹಿಡಿದು ಮುಖ ತಿರುಗಿಸಿದ. ಬಿಳಿ ಡಬ್ಬಿಯೊಳಗೆ ಹೆಬ್ಬೆರಳು ಅದ್ದಿ ಅವಳ ಬಲಗೆನ್ನೆಗೆ ಉಜ್ಜಿದ. ಹೇಸರಗತ್ತೆಯ ಗಾಯಕ್ಕೆ ಮುಲಾಮು ಹಚ್ಚುವವನು ಕೂಡ ಅದಕ್ಕಿಂತ ಮೆತ್ತಗೆ ಹಚ್ಚುತ್ತಾನೆ. ಎಡಗೆನ್ನೆ ಮುಟ್ಟಲಿಲ್ಲ. ಅದನ್ನು ಮುಟ್ಟಬಾರದು, ಮುಚ್ಚಲೂ ಬಾರದು ಎಂದು ತೋಟದ ಯಜಮಾನಿಯ ಅಪ್ಪಣೆಯಾಗಿತ್ತು.

"ಮುಂದಿನೋಳು ಬಾ."

ಮುಂದಿನವಳು ಕೋಸಿಮಾ. ಆ ಬಸ್ಸಿನಲ್ಲಿ ಎಲ್ಲರಿಗಿಂತ ಹಳಬಳು. ಇದೇ ಕೆಂಪು ಮಣ್ಣಿನಲ್ಲಿ ಹುಟ್ಟಿ, ಲಂಗ ಹಾಕುವ ವಯಸ್ಸಿಗೇ ದ್ರಾಕ್ಷಿ ಸಾಲಿಗೆ ಇಳಿದವಳು. ಐವತ್ತು ಇನ್ನೂ ತುಂಬಿಲ್ಲ, ಮುಖ ನೋಡಿದವರು ಎಪ್ಪತ್ತು ಎನ್ನುತ್ತಾರೆ. ಅವಳು ತಾನೇ ಮುಖ ತಿರುಗಿಸಿ ನಿಂತಳು, ಅವನ ಕೈ ಗಲ್ಲಕ್ಕೆ ಬರದಿರಲಿ ಎಂದು.

"ಇದ್ರಲ್ಲಿ ಏನೈತೆ ಮೇಸ್ತ್ರಿ?"

"ದ್ರಾಕ್ಷಿ ಬೀಜದ ಎಣ್ಣೆ. ಹಚ್ಚಿದ್ರೆ ಮುದುಕೀರು ಹುಡುಗೀರಾಗ್ತಾರಂತೆ. ನಿನಗೆ ಒಂದು ಡಬ್ಬಿ ಸಾಲಲ್ಲ, ಟ್ರ್ಯಾಕ್ಟರ್‌ನಾಗೆ ತರಬೇಕು."

ಗಂಡಸರ ಜೊತೆ ನಕ್ಕು ಅಭ್ಯಾಸವಾದವನು, ಯಾರೂ ನಗದಿದ್ದಾಗ ತಾನೇ ನಕ್ಕ. ಕೋಸಿಮಾ ಬಸ್ಸು ಹತ್ತಿ, ಚಾಲಕನ ಹಿಂದಿನ ತನ್ನ ಮಾಮೂಲಿ ಜಾಗದಲ್ಲಿ ಕೂತಳು. ಚಾಲಕ ಎಂದರೆ ಕತಾಲ್ದೊನೇ. ಬಸ್ಸೂ ಅವನದೇ. ಯಾರು ಹತ್ತಬೇಕು, ಯಾರು ನಾಳೆಯಿಂದ ಬರಬಾರದು ಎನ್ನುವುದೂ ಅವನದೇ.

ಆ ಸೀಮೆಯ ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟದೆ ತೋಟಕ್ಕೆ ಇಳಿಯುವವರಲ್ಲ. ಕಣ್ಣೆರಡು ಬಿಟ್ಟು ಮೂಗಿನಿಂದ ಕೆಳಗೆ ಒಂದು ಸುತ್ತು, ಹಣೆಗೆ ಒಂದು ಸುತ್ತು, ಮೇಲೆ ಹುಲ್ಲಿನ ಟೋಪಿ. ಇದು ನಾಚಿಕೆಯ ಮಾತಲ್ಲ, ಬಿಸಿಲಿನ ಮಾತು. ರೊಮೇನಿಯಾದಿಂದ ಬಂದವರು, ಆಫ್ರಿಕಾದಿಂದ ಬಂದವರು, ಎಲ್ಲರೂ ಈ ಭಾಷೆಗಿಂತ ಮೊದಲು ಆ ಸುತ್ತನ್ನು ಕಲಿಯುತ್ತಾರೆ. ಈ ಬೇಸಿಗೆ ಅದಕ್ಕೇ ಕುತ್ತು ಬಂದಿತ್ತು. ಬಲಗೆನ್ನೆಗೆ ಕ್ರೀಮು, ಎಡಗೆನ್ನೆ ಬರಿದು, ಟೋಪಿ ಇಲ್ಲ, ಮುಸುಕು ಇಲ್ಲ. ಒಪ್ಪದ ಇಬ್ಬರ ಜಾಗಕ್ಕೆ ಮಾರನೆಯ ದಿನವೇ ಬೇರೆ ಇಬ್ಬರು ಬಂದಿದ್ದರು.

ಅದಷ್ಟೇ ಆಗಿದ್ದರೆ ದೊಡ್ಡವರ ಹುಚ್ಚು ಎಂದು ಬಿಡಬಹುದಿತ್ತು. ಕೋಸಿಮಾಳ ತಲೆಯಲ್ಲಿ ಹುಳ ಬಿಟ್ಟದ್ದು ಇನ್ನೊಂದು ಅಪ್ಪಣೆ.

ದ್ರಾಕ್ಷಿ ಸಾಲಿನಲ್ಲಿ ಹೋಗುತ್ತಾ ಗೊಂಚಲಿಗೆ ಗಾಳಿಯಾಡಲೆಂದು ಒಂದು ಸಾಲಿನ ಎಲೆ ತೆಗೆದು, ಬರುತ್ತಾ ಪಕ್ಕದ ಸಾಲು ಮುಗಿಸುವುದು ಲೋಕದ ಪದ್ಧತಿ. ಈ ವರ್ಷ ಹಾಗಿಲ್ಲ. ದಕ್ಷಿಣದ ತುದಿಯಿಂದ ಶುರು ಮಾಡಬೇಕು, ಬಳ್ಳಿ ಯಾವಾಗಲೂ ಬಲಗಡೆಗೇ ಇರಬೇಕು. ಸಾಲು ಮುಗಿದ ಮೇಲೆ ಕಲ್ಲುಗೋಡೆಯ ಪಕ್ಕದ ಆಲಿವ್ ಮರಗಳ ಕೆಳಗೆ ಬರಿಗೈಲಿ ವಾಪಸ್ಸು ನಡೆದು ಬಂದು, ಮತ್ತೆ ಅದೇ ತುದಿಯಿಂದ ಶುರು. ಅದೂ ಸಾಲದೆಂದು, ವಾಪಸ್ಸು ಬರುವಾಗ ಮಾತ್ರ ಮುಸುಕು ಹಾಕಿಕೊಳ್ಳಬಹುದು.

"ಇಷ್ಟು ವರ್ಷಕ್ಕೆ ಒಬ್ಬ ಧಣಿ ನನ್ನನ್ನ ಬರಿಗೈಲಿ ನಡೆಸಿದ್ದು ಕಂಡಿಲ್ಲ ಕಣವ್ವ," ಎಂದಳು ಕೋಸಿಮಾ, ಮರದ ಕೆಳಗೆ ಬರುತ್ತಾ. "ಉಚ್ಚೆಗೆ ಹೋದ್ರೂ ಬರ್ತಾ ಒಂದು ಕ್ರೇಟು ಹೊತ್ಕೊಂಡು ಬಾ ಅನ್ನೋ ಜನ ಇವರು. ಈಗ ನೆರಳಲ್ಲಿ ಕೈಬೀಸ್ಕೊಂಡು ಬಾ ಅಂತಾರಲ್ಲ, ಎಂಥದಿದು?"

"ನಮ್ಮ ಮೇಲೆ ಮರುಕ ಬಂದಿರಬೇಕು ಬಿಡಕ್ಕ," ಎಂದಳು ಲೆನುತ್ಸಾ.

"ಮರುಕ!" ಹಿಂದೆ ಬರುತ್ತಿದ್ದ ಇಸೋಕೆನ್ ತುಟಿ ಸೊಟ್ಟ ಮಾಡಿದಳು. ನೈಜೀರಿಯಾದವಳು, ಎಲ್ಲರಿಗಿಂತ ಒಂದು ಗೇಣು ಎತ್ತರ. "ಅದು ಬಂದಿದ್ರೆ ಎರಡೂ ಕೆನ್ನೆಗೆ ಹಚ್ತಿದ್ರು."

ಊಟಕ್ಕೆ ಕೂತಾಗ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅದು ವಿಷವಂತೆ, ಮೊದಲು ನಮ್ಮ ಮೇಲೆ ನೋಡಿ ಆಮೇಲೆ ಸಾಹುಕಾರರಿಗೆ ಮಾರುತ್ತಾರಂತೆ. ಒಬ್ಬಳು ತನ್ನ ಕೆನ್ನೆಯ ಕ್ರೀಮನ್ನು ಬೆರಳಲ್ಲಿ ಕೆರೆದು ಬೀದಿನಾಯಿಗೆ ನೆಕ್ಕಿಸಿ ನೋಡಿದ್ದಳು. ನಾಯಿ ಮರುದಿನವೂ ಬಂದು ಬಾಲ ಅಲ್ಲಾಡಿಸಿ ಇನ್ನಷ್ಟು ಕೇಳಿತ್ತು. ಕೋಸಿಮಾ ಗಟ್ಟಿ ರೊಟ್ಟಿಯನ್ನು ನೀರಲ್ಲಿ ಅದ್ದಿ, ಟೊಮೇಟೊ ಉಜ್ಜಿ, ಎಣ್ಣೆ ಬಿಟ್ಟು ತಮ್ಮ ಮೂವರಿಗೂ ಮುರಿದು ಕೊಡುತ್ತಿದ್ದಳು. ಅವಳ ಕಣ್ಣು ಮಾತ್ರ ಲೆನುತ್ಸಾಳ ಎಡಗೆನ್ನೆಯ ಮೇಲೆ.

ಲೆನುತ್ಸಾಳದು ಕೆಂಚು ಕೂದಲು, ಹಾಲಿನ ಕೆನೆಯಂಥ ಚರ್ಮ, ಅದರ ತುಂಬ ಎಳ್ಳು ಚೆಲ್ಲಿದಂತೆ ಮಚ್ಚೆ. ಆ ಚರ್ಮ ಕಪ್ಪಾಗುವುದನ್ನು ಅರಿಯದು. ಕೆಂಪಾಗುತ್ತದೆ, ಬೊಬ್ಬೆ ಏಳುತ್ತದೆ, ಈರುಳ್ಳಿ ಸಿಪ್ಪೆಯಂತೆ ಸುಲಿಯುತ್ತದೆ, ಮತ್ತೆ ಕೆಂಪಾಗುತ್ತದೆ. ತನ್ನೂರಿನ ಪದ್ಧತಿಯಂತೆ ಅವಳು ಸಂಜೆ ಹುಳಿ ಬಂದ ಹಾಲಿನ ಕೆನೆ ಬಳಿದುಕೊಳ್ಳುತ್ತಿದ್ದಳು. ಮಿಕ್ಕ ಉರಿಯೆಲ್ಲ ಇಳಿಯುತ್ತಿತ್ತು. ಕಣ್ಣಿನ ಕೆಳಗಿನ ಒಂದು ಹುಣ್ಣು ಮಾತ್ರ ಇಳಿಯಲಿಲ್ಲ. ಹಳೆಯದೇ ಅದು, ವರ್ಷದಿಂದ ಮುಸುಕಿನ ಕೆಳಗೆ ಸುಮ್ಮನಿದ್ದದ್ದು. ಈಗ ಬೆಳೆದಿತ್ತು. ಅಂಚು ಮೇಣದಂತೆ ಹೊಳೆಯುತ್ತಿತ್ತು. ಒಣಗುತ್ತಿತ್ತು, ಬಿರಿಯುತ್ತಿತ್ತು, ರಕ್ತ ಜಿನುಗುತ್ತಿತ್ತು, ಮತ್ತೆ ಒಣಗುತ್ತಿತ್ತು.

ಕೋಸಿಮಾಳ ಅಪ್ಪ ಕುರಿ ಕಾಯುತ್ತಿದ್ದವನು. ನೀಲಿ ಕಣ್ಣು, ಬಿಳಿ ಮೈ. ಅವನ ಮೂಗಿನ ಮೇಲೆ ಇಂಥದ್ದೇ ಒಂದು ಇತ್ತು. ಏನೂ ಇಲ್ಲ, ನೊಣ ಕಚ್ಚಿದ್ದು ಎಂದು ಆತ ಹೇಳುತ್ತಾ ಹೇಳುತ್ತಾ ಅರ್ಧ ಮೂಗು ಹೋಯಿತು.

"ನೀನು ಊರಿನ ಆಸ್ಪತ್ರೆಗೆ ಹೋಗವ್ವ. ಒಂದು ದಿನದ ಮಾತು."

"ಒಂದು ದಿನ ಬರ್ಲಿಲ್ಲ ಅಂದ್ರೆ ನನ್ನ ಸೀಟಲ್ಲಿ ಬೇರೆಯೋಳು ಕೂತಿರ್ತಾಳೆ, ನಿನಗೇ ಗೊತ್ತಲ್ಲಕ್ಕ. ಫೋಟೋ ದಿನ ನೋಡ್ತೀನಿ ಅಂತ ಡಾಕ್ಟ್ರಮ್ಮನೇ ಹೇಳವ್ರೆ."

ಡಾಕ್ಟರಮ್ಮ ಉತ್ತರದ ದೊಡ್ಡ ಪಟ್ಟಣ ಮಿಲಾನಿನಿಂದ ಬಂದವಳು. ಕ್ರೀಮು ಅವಳದೂ ಯಜಮಾನಿಯದೂ ಕೂಡಿಕೆಯದ್ದು. ಬೇಸಿಗೆಯ ಕೊನೆಗೆ ಕೆನ್ನೆಗಳ ಫೋಟೋ ತೆಗೆಯುವ ದಿನ ಗೊತ್ತು ಮಾಡಿದ್ದರು. ಬೇಸಿಗೆಯ ಮೊದಲಲ್ಲಿ ತೋಟಕ್ಕೆ ಬಂದಾಗ ಅಗಲ ಟೋಪಿ, ಕೈಮುಚ್ಚುವ ಬಿಳಿ ಅಂಗಿ. ಹಿಂದೆ ಛತ್ರಿ ಹಿಡಿದು ಕತಾಲ್ದೊ. ಅವನು ಛತ್ರಿ ಹಿಡಿದದ್ದನ್ನು ಕಂಡು ಹೆಂಗಸರು ತಿಂಗಳುಗಟ್ಟಲೆ ನಗುವಷ್ಟು ನಕ್ಕಿದ್ದರು. ಬಟ್ಟೆ ಅಂಗಡಿಯ ಬಣ್ಣದ ಪಟ್ಟಿಯಂಥದ್ದೊಂದನ್ನು ಕೆನ್ನೆಗೆ ಹಿಡಿದು ಒಬ್ಬೊಬ್ಬರನ್ನೇ ನೋಡಿ, ಅವಳು ಮೂವರನ್ನು ಬೇರೆ ನಿಲ್ಲಿಸಿದ್ದಳು.

"ಚರ್ಮದಲ್ಲಿ ಆರು ಬಗೆ ಇದೆ. ಈ ಕೆಂಚಮ್ಮಂದು ಒಂದನೇದು. ಸುಡುತ್ತೆ, ಕಪ್ಪಾಗಲ್ಲ. ನಿಮ್ಮದು ನಾಲ್ಕನೇದು ಇರಬೇಕು. ಸುಡೋದು ಕಡಿಮೆ, ಕಪ್ಪಾಗುತ್ತೆ, ಆಮೇಲೆ ಆಳವಾಗಿ ಸುಕ್ಕು ಬೀಳುತ್ತೆ. ಈಕೆದು ಆರನೇದು. ಅದೃಷ್ಟವಂತೆ, ಬೇಗ ವಯಸ್ಸೇ ಕಾಣಲ್ಲ."

"ನಿಮ್ಮದು ಎಷ್ಟನೇದು ಡಾಕ್ಟ್ರಮ್ಮ?" ಎಂದಳು ಕೋಸಿಮಾ.

"ನನ್ನದಾ? ಎರಡನೇದು. ಅದಕ್ಕೇ ಛತ್ರಿ." ಅವಳು ಚೆನ್ನಾಗಿಯೇ ನಕ್ಕಳು. ಕೆಟ್ಟವಳಂತೆ ಕಾಣಲಿಲ್ಲ. ಕೋಸಿಮಾಳ ಅನುಮಾನ ಹೆಚ್ಚಾದದ್ದು ಅದಕ್ಕೇ.

ಹೋಗುವಾಗ ಲೆನುತ್ಸಾ ಹುಣ್ಣು ತೋರಿಸಿದಳು. ಡಾಕ್ಟರಮ್ಮ ಬಗ್ಗಿ ನೋಡಿ, ಒಂದು ಕ್ಷಣ ನಗು ನಿಲ್ಲಿಸಿ, "ಫೋಟೋ ದಿನ ಸರಿಯಾಗಿ ನೋಡೋಣ. ಅಲ್ಲೀವರೆಗೂ ಏನೂ ಹಚ್ಚಬೇಡಿ, ಆಯ್ತಾ?" ಎಂದು ಭುಜ ತಟ್ಟಿದ್ದಳು. ಆ ತಟ್ಟಿದ್ದನ್ನೇ ನಂಬಿ ಲೆನುತ್ಸಾ ಬೇಸಿಗೆ ತಳ್ಳುತ್ತಿದ್ದಳು.

ಆರನೆಯ ಬಗೆಯ ಅದೃಷ್ಟ ಏನೆಂಬುದು ದಕ್ಷಿಣದ ಬಿಸಿಗಾಳಿ ಬೀಸಿದ ವಾರ ಗೊತ್ತಾಯಿತು. ಮರದ ನೆರಳೇ ಬೀಳದ ಕೊನೆಯ ಸಾಲುಗಳನ್ನು ಕತಾಲ್ದೊ ಇಸೋಕೆನ್‌ಗೆ ಕೊಟ್ಟ.

"ನಿನಗೇನು ತಾಗಲ್ಲ ಬಿಡು. ದೇವರೇ ನಿನ್ನನ್ನ ಸುಟ್ಟು ಕಳಿಸವ್ನೆ."

"ನಮ್ಮೂರಲ್ಲಿ ಮಧ್ಯಾಹ್ನ ಎಲ್ಲರೂ ಮಾವಿನ ಮರದ ಕೆಳಗೆ ಕೂರ್ತೀವಿ ಮೇಸ್ತ್ರಿ. ಕರಿಯೋರಿಗೆ ಬಿಸಿಲು ತಾಗಲ್ಲ ಅಂತ ನಮ್ಮವ್ವಂಗೆ ಯಾರೂ ಹೇಳಿರ್ಲಿಲ್ಲ, ಪಾಪ."

"ಬಾಯಿ ಮುಚ್ಕೊಂಡು ಸಾಲಿಗೆ ನಡಿಯೇ."

ಅವಳ ಚರ್ಮ ಸುಡಲಿಲ್ಲ, ಸುಲಿಯಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿತು, ಬೆವರು ನಿಂತುಹೋಯಿತು, ಅಷ್ಟೆ. ಸಾಲಿನ ನಡುವೆ ಎಲೆ ಕೀಳುತ್ತಿದ್ದ ಕೈ ಬಳ್ಳಿಗೆ ಸಿಕ್ಕಿಕೊಂಡಂತೆಯೇ ಮೊಣಕಾಲೂರಿ ಬಿದ್ದಳು. ಕೋಸಿಮಾ ಓಡಿ ಹೋಗಿ ಕುಡಿಯುವ ನೀರನ್ನೆಲ್ಲ ಅವಳ ತಲೆಗೆ ಸುರಿದಳು.

"ನಾಟಕ," ಎಂದ ಕತಾಲ್ದೊ, ಹತ್ತಿರ ಬಂದು. "ಮುಖ ನೋಡ್ರೇ, ಕೆಂಪಗಾಗೈತಾ? ಇಲ್ವಲ್ಲ."

ಇಸೋಕೆನ್ ಕಣ್ಣು ಬಿಟ್ಟಾಗ ಮೊದಲು ಹೇಳಿದ್ದು, "ಅಕ್ಕ, ಕ್ರೀಮು ತೊಳೆದು ಹೋಯ್ತಾ? ಆ ನನ್ಮಗ ಮತ್ತೆ ಹಚ್ತಾನೆ, ಗೊತ್ತಾಗದಂಗೆ ನೀರು ಒರೆಸಿಬಿಡು."

ಆ ಸಂಜೆ ಬಸ್ಸಿನಲ್ಲಿ ಇಸೋಕೆನ್‌ಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೋಸಿಮಾ ಮುಂದೆ ನೋಡುತ್ತಾ ಕೂತಿದ್ದಳು. ಆ ದೇಶದ ಬಸ್ಸುಗಳಲ್ಲಿ ಚಾಲಕ ಕೂರುವುದು ಎಡಗಡೆಯ ಕಿಟಕಿಗೆ. ಇಳಿಬಿಸಿಲು ಕಿಟಕಿಯಿಂದ ಕತಾಲ್ದೊನ ಎಡಗೆನ್ನೆಗೆ ಹೊಡೆಯುತ್ತಿತ್ತು. ಒಣಗಿದ ಚಪ್ಪಲಿ ತೊಗಲಿನಂಥ ಕೆನ್ನೆ, ಕಣ್ಣಿನ ಬದಿಯಲ್ಲಿ ಕೋಳಿ ಕೆದರಿದಂಥ ಗೆರೆ, ಕಂದು ಕಲೆ. ದೇವಮಾತೆಯ ಪಟ ತೂಗುಬಿಟ್ಟಿದ್ದ ಕನ್ನಡಿಯಲ್ಲಿ ಅವನ ಇನ್ನೊಂದು ಕೆನ್ನೆ ಕಾಣುತ್ತಿತ್ತು. ಅದು ನುಣ್ಣಗಿತ್ತು, ಮದುವಣಿಗನ ಕೆನ್ನೆಯಂತೆ.

ಕೋಸಿಮಾ ಮತ್ತೆ ನೋಡಿದಳು. ಇಷ್ಟು ವರ್ಷ ಅದೇ ಜಾಗದಲ್ಲಿ ಕೂತು ಬಂದಿದ್ದರೂ ಎರಡನ್ನೂ ಒಟ್ಟಿಗೆ ನೋಡಿರಲಿಲ್ಲ. ಒಬ್ಬನೇ ಮನುಷ್ಯ. ಕಿಟಕಿಯ ಕಡೆ ಮುದುಕ, ಒಳಗಡೆ ಯುವಕ.

"ಈ ಬಡ್ಡೀಮಗನ ಬಲಗೆನ್ನೆಗೆ ಯಾರು ಕ್ರೀಮು ಹಚ್ಚಿದ್ರು?" ಎಂದಳು, ಮೆಲ್ಲಗೆ.

ಲೆನುತ್ಸಾ ಅರ್ಥವಾಗದೆ ನೋಡಿದಳು. ಕೋಸಿಮಾ ಬಲ ಅಂಗೈಯನ್ನು ಬಳ್ಳಿಯಂತೆ ತನ್ನ ಬಲಗೆನ್ನೆಯ ಪಕ್ಕ ನಿಲ್ಲಿಸಿದಳು. "ನಮ್ಮ ಮುಖ ಉತ್ತರಕ್ಕೆ. ಬೆಳಿಗ್ಗೆ ಬಿಸಿಲಿಗೆ ಬಳ್ಳಿ ಅಡ್ಡ, ನೆರಳು. ಮಧ್ಯಾಹ್ನದ ಮೇಲೆ ಬಿಸಿಲು ಆ ಕಡೆಯಿಂದ, ಈ ಕೆನ್ನೆಗೆ." ಎಡಗೆನ್ನೆ ಮುಟ್ಟಿಕೊಂಡಳು. "ತಿರುಗಿ ಕೆಲಸ ಮಾಡ್ತಾ ಬಂದ್ರೆ ಕ್ರೀಮಿನ ಕೆನ್ನೆಗೂ ಬಿಸಿಲು ಬೀಳ್ತದೆ. ಅದಕ್ಕೇ ಬರಿಗೈ ನಡಿಗೆ, ಅದಕ್ಕೇ ಮರದ ನೆರಳು, ಅದಕ್ಕೇ ಮುಸುಕು. ಡಬ್ಬಿಯೊಳಗೆ ನಾಯಿ ನೆಕ್ಕೋ ಬೆಣ್ಣೆ ಬಿಟ್ಟು ಇನ್ನೇನಿಲ್ಲ ಕಣ್ರೇ. ಹಚ್ತಾ ಇರೋದು ನೆರಳು."

ತೊಡೆಯ ಮೇಲಿಂದ ಇಸೋಕೆನ್ ಅಂದಳು, "ಬರಿ ನೆರಳನ್ನ ಡಬ್ಬೀಲಿ ತುಂಬಿ ಮಾರ್ತಾರಾ?"

"ನಮ್ಮ ಕೆನ್ನೆ ಸುಟ್ಟು ತೋರಿಸಿದ್ರೆ ಕೊಳ್ಳೋರು ಇರ್ತಾರೆ."

ಲೆನುತ್ಸಾ ತಲೆವಸ್ತ್ರದ ತುದಿಯಿಂದ ಹುಣ್ಣನ್ನು ಒತ್ತಿಕೊಂಡಳು. ಆಮೇಲೆ, "ಆದ್ರೂ ನೋಡ್ತೀನಿ ಅಂತ ಹೇಳವ್ರಲ್ಲಕ್ಕ," ಎಂದಳು. "ಫೋಟೋ ದಿನ ಆಗ್ಲಿ."

ಫೋಟೋ ದಿನ ಯಜಮಾನಿಯ ಕಲ್ಲುಮನೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಕೆಳಗೆ ಅತಿಥಿಗಳು, ತಣ್ಣನೆಯ ವೈನು, ಉಪ್ಪು ಹಾಕಿದ ಆಲಿವ್ ಕಾಯಿ. ಚಪ್ಪರದ ಹೊರಗೆ ಮೊಣಕಾಲೆತ್ತರದ ಮೂರು ಸ್ಟೂಲು, ಆ ಮೂವರಿಗೆ. ತೋಟದ ಬಟ್ಟೆಯಲ್ಲೇ ಬರಬೇಕೆಂದು ಹೇಳಿ ಕಳಿಸಿದ್ದರು.

ಕೋಸಿಮಾ ಮೊದಲೇ ಕೇಳಿದಳು. "ಡಾಕ್ಟ್ರಮ್ಮ, ಇವಳ ಹುಣ್ಣು."

"ಫೋಟೋ ಆಗ್ಲಿ, ಆಮೇಲೆ."

ಫೋಟೋ ತೆಗೆದರು. ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ. ಇಸೋಕೆನ್‌ಳ ಸರದಿಗೆ ಯಜಮಾನಿ ಎರ್ಸಿಲಿಯಾ ಮುಖ ಸಿಂಡರಿಸಿದಳು. "ಇವಳ ಎರಡು ಕೆನ್ನೆಗೂ ವ್ಯತ್ಯಾಸಾನೇ ಇಲ್ಲ. ಏನು ಮಾಡೋಣ ಇವಳನ್ನ? ಎಬ್ಬಿಸಿ." ಇಸೋಕೆನ್ ಎದ್ದು ನಿಂತಳು. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಲಿಲ್ಲ. ಸ್ಟೂಲನ್ನು ಮಾತ್ರ ಒಬ್ಬ ಬಂದು ಎತ್ತಿಕೊಂಡು ಹೋದ.

ಡಾಕ್ಟರಮ್ಮ ತೆಳುವಾದ ಕೋಲಿನಿಂದ ತೋರಿಸುತ್ತಾ ಹೋದಳು. ಕೋಸಿಮಾಳ ಸುಕ್ಕು, ಆ ಕಡೆ ಎಷ್ಟು, ಈ ಕಡೆ ಎಷ್ಟು. ಲೆನುತ್ಸಾಳ ಕೆನ್ನೆಗೆ ಬಂದಾಗ ಕೋಲಿನ ತುದಿಯನ್ನು ಹುಣ್ಣಿನ ಸುತ್ತ ಒಮ್ಮೆ ಆಡಿಸಿದಳು. "ರಕ್ಷಣೆ ಇಲ್ಲದ ಚರ್ಮಕ್ಕೆ ಏನಾಗಬಹುದು ಅನ್ನೋದಕ್ಕೆ ಇದೇ ಸಾಕ್ಷಿ," ಎಂದಳು. ಅತಿಥಿಗಳಲ್ಲಿ ಒಬ್ಬಾಕೆ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಚಪ್ಪಾಳೆಯಾಯಿತು.

"ಈಗ ನೋಡ್ತೀರಾ?" ಕೋಸಿಮಾ ಎದ್ದು ನಿಂತೇ ಕೇಳಿದಳು.

ಡಾಕ್ಟರಮ್ಮ ದನಿ ತಗ್ಗಿಸಿದಳು. "ನೋಡಿ, ನಾನು ಆ ಥರದ ಡಾಕ್ಟರ್ ಅಲ್ಲ. ಇದನ್ನ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಬೇಗ ಆಸ್ಪತ್ರೆಗೆ ತೋರಿಸಿ."

"ಬೇಗ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

ಡಾಕ್ಟರಮ್ಮ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅತಿಥಿಗಳ ಕಡೆ ನಡೆದಳು. ಲೆನುತ್ಸಾ ಸ್ಟೂಲಿನಿಂದ ಏಳಲಿಲ್ಲ. ಇನ್ನೂ ನೋಡಬಹುದೇನೋ ಎಂಬಂತೆ ಎಡಗೆನ್ನೆಯನ್ನು ಹಾಗೇ ಒಡ್ಡಿಕೊಂಡು ಕೂತಿದ್ದಳು.

ಕೋಸಿಮಾ ಚಪ್ಪರದ ಕಡೆ ತಿರುಗಿದಳು. "ಅಮ್ಮಂದಿರಾ, ಕೇಳಿ ಇಲ್ಲಿ. ನನ್ನ ಬಲಗೆನ್ನೆಗೆ ಹತ್ತಿರೋದು ಬಳ್ಳಿ ನೆರಳು, ಇವರ ಡಬ್ಬಿಯದಲ್ಲ. ನಮ್ಮನ್ನ ಒಂದೇ ಕಡೆಗೆ ನಡೆಸಿ, ಒಂದೇ ಕೆನ್ನೆ ಸುಟ್ಟವ್ರೆ. ನಂಬದಿದ್ರೆ ಆ ಮೇಸ್ತ್ರಿ ಮುಖ ನೋಡಿ. ಅವನು ಯಾವ ಕ್ರೀಮೂ ಹಚ್ಚಿಲ್ಲ, ಕಿಟಕಿ ಪಕ್ಕ ಕೂರ್ತಾನೆ ಅಷ್ಟೆ."

ಎಲ್ಲರೂ ಕತಾಲ್ದೊನನ್ನು ನೋಡಿದರು. ಅವನು ಎಡಗೆನ್ನೆಗೆ ಕೈ ಅಡ್ಡ ಹಿಡಿದ. ಅತಿಥಿಗಳು ಘೊಳ್ಳೆಂದು ನಕ್ಕರು. ಅವಳ ಹಳ್ಳಿ ಮಾತು ಅರ್ಧ ಜನಕ್ಕೆ ತಿಳಿಯಲಿಲ್ಲ. ಎರ್ಸಿಲಿಯಾ ಮುಂದೆ ಬಂದು, "ನಮ್ಮ ಕೋಸಿಮಾ ತುಂಬಾ ತಮಾಷೆಯವಳು. ಬಳ್ಳಿಯೇ ನಮ್ಮ ಕ್ರೀಮಿನ ಜೀವ ಅಂತ ಹೇಳ್ತಿದ್ದಾಳೆ," ಎಂದು ಅವಳ ಹೆಗಲ ಮೇಲೆ ಕೈ ಹಾಕಿದಳು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.

ಹೆಗಲ ಮೇಲಿದ್ದ ಬೆರಳುಗಳು ಚಿವುಟುತ್ತಿದ್ದವು.

ಮಾರನೆಯ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಡಬ್ಬಿ ಇರಲಿಲ್ಲ. ಕತಾಲ್ದೊ ಯಾರ ಗಲ್ಲಕ್ಕೂ ಕೈ ಹಾಕಲಿಲ್ಲ. ಲೆನುತ್ಸಾಳನ್ನು ಮಾತ್ರ ತಡೆದು, "ಆ ಹುಣ್ಣು ಮುಚ್ಕೊಳೇ. ಇವತ್ತು ದ್ರಾಕ್ಷಿ ಕೊಳ್ಳೋರು ಬರ್ತಾರೆ, ಹೇಸ್ತಾರೆ," ಎಂದ. ಕೋಸಿಮಾ ಹತ್ತುವಾಗ ಮುಖ ನೋಡದೆ ಹೇಳಿದ, "ನಿನ್ನ ಹಿಸಾಬು ಕೊಯ್ಲು ಮುಗಿದ ಮೇಲೆ ಐತೆ."

ಕೊಯ್ಲಿನ ಮೊದಲ ದಿನ. ದ್ರಾಕ್ಷಿ ಒಡೆಯುವಷ್ಟು ಹಣ್ಣಾಗಿತ್ತು, ಒಂದು ದಿನ ತಡೆಯುವಂತಿರಲಿಲ್ಲ. ಸಾಲಿನ ತುದಿಯಲ್ಲಿ ಎಲ್ಲರ ಕೈಗೆ ಕತ್ತರಿ ಕೊಟ್ಟು ಅವನು ಕೂಗಿದ.

"ಕೇಳಿಸ್ಕೊಳ್ರೇ! ಇವತ್ತಿಂದ ಬರಿಗೈಲಿ ಬರೋ ಸೋಗು ಬಂದ್. ಹೋಗ್ತಾ ಒಂದು ಸಾಲು, ಬರ್ತಾ ಒಂದು ಸಾಲು. ಬೇಸಿಗೆಯೆಲ್ಲ ನೆರಳಲ್ಲಿ ಓಡಾಡಿದ್ದು ಸಾಕು."

ಹೆಂಗಸರು ಸಾಲಿಗೆ ಇಳಿದರು. ಮುಸುಕು ಕಟ್ಟಿಕೊಂಡಿದ್ದರು, ಕಣ್ಣೆರಡು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕತ್ತರಿಗಳ ಸದ್ದು ಶುರುವಾಯಿತು. ಲೆನುತ್ಸಾಳ ಮುಸುಕಿನ ಮೇಲೆ, ಕಣ್ಣಿನ ಕೆಳಗೆ, ಒಂದು ಕೆಂಪು ಚುಕ್ಕಿ ಮೂಡಿ ಅಗಲವಾಗುತ್ತಿದ್ದುದನ್ನು ಕೋಸಿಮಾ ಸಾಲಿನ ಉದ್ದಕ್ಕೂ ನೋಡುತ್ತಲೇ ಕೊಯ್ದಳು.

ಉತ್ತರದ ತುದಿ ಬಂತು. ಕೋಸಿಮಾ ತುಂಬಿದ ಕ್ರೇಟನ್ನು ನೆಲಕ್ಕಿಟ್ಟಳು. ಅದರ ಮೇಲೆ ಕತ್ತರಿ ಇಟ್ಟಳು. ಪಕ್ಕದ ಸಾಲಿಗೆ ತಿರುಗಲಿಲ್ಲ. ಬೇಸಿಗೆಯೆಲ್ಲ ಮಾಡಿದಂತೆ ಗೋಡೆಯ ಪಕ್ಕದ ಆಲಿವ್ ಮರಗಳ ಕೆಳಗೆ ಹೋಗಿ, ಬರಿಗೈಲಿ ವಾಪಸ್ಸು ನಡೆಯತೊಡಗಿದಳು.

ಇಸೋಕೆನ್ ಕತ್ತರಿ ಇಟ್ಟಳು. ಲೆನುತ್ಸಾ ನಿಂತೇ ಇದ್ದಳು. ಇಸೋಕೆನ್ ಅವಳ ಕೈಯಿಂದ ಕತ್ತರಿ ಬಿಡಿಸಿ ಕ್ರೇಟಿಗೆ ಹಾಕಿ, ತೋಳು ಹಿಡಿದು ನಡೆಸಿಕೊಂಡು ಹೊರಟಳು. ಸಾಲು ಮುಗಿಸಿದವಳು ಮುಗಿಸಿದಂತೆ ಒಬ್ಬೊಬ್ಬಳೇ ಕ್ರೇಟು ಇಳಿಸಿದಳು.

"ಏಯ್! ಹೇಳಿದ್ದು ಕೇಳಿಸ್ಲಿಲ್ವಾ? ಕೆಲಸ ಮಾಡ್ತಾ ಬರ್ರೇ ಮುಂಡೇರಾ!"

"ನೀನೇ ಕಲಿಸಿದ್ದು ಮೇಸ್ತ್ರಿ," ಎಂದಳು ಕೋಸಿಮಾ, ನಡೆಯುತ್ತಲೇ. "ರೂಢಿ ಬಿದ್ದೋಗೈತೆ."

ಸಾಲಿನ ತಲೆಗೆ ಬಂದರು. ಪ್ರತಿ ದಿನ ನಿಂತು ತಿರುಗುತ್ತಿದ್ದ ಜಾಗದಲ್ಲಿ ಯಾರೂ ನಿಲ್ಲಲಿಲ್ಲ. ಗೋಡೆಯ ಸಂದಿನಿಂದ ಆಚೆ ದಾಟಿ ಊರಿನ ರಸ್ತೆಗೆ ಬಿದ್ದರು. ಬೆಳಗಿನ ಬಿಸಿಲು ಎಡಗಡೆಯಿಂದ ಬರುತ್ತಿತ್ತು. ಇಸೋಕೆನ್ ಲೆನುತ್ಸಾಳನ್ನು ಬಲಕ್ಕೆ ತಳ್ಳಿ ತಾನು ಎಡಕ್ಕೆ ಬಂದಳು. ಅವಳ ನೆರಳು ಲೆನುತ್ಸಾಳ ಕೆನ್ನೆಯ ಮೇಲೆ ಸರಿಯಾಗಿ ಕೂತಿತು.

"ಸ್ವಲ್ಪ ದೂರ ನಾನು, ಆಮೇಲೆ ನೀನು ಬಾ ಅಕ್ಕ," ಎಂದಳು. "ನನಗೂ ತಾಗ್ತದೆ."

"ಬರ್ತೀನಿ."

"ಆಸ್ಪತ್ರೇಲಿ ಏನಂತಾರೋ," ಎಂದಳು ಲೆನುತ್ಸಾ. ಕೋಸಿಮಾಳಿಗೆ ಅಪ್ಪನ ಮೂಗು ನೆನಪಾಗಿತ್ತು.

ಹಿಂದೆ ಬಸ್ಸಿನ ಸದ್ದಾಯಿತು. ಕತಾಲ್ದೊ ಹಾರನ್ ಒತ್ತುತ್ತಾ ಹತ್ತಿರ ಬಂದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮೊದಲು ಬೈದ, ಆಮೇಲೆ ಹೆಸರು ಹಿಡಿದು ಕರೆದ, ಆಮೇಲೆ ದ್ರಾಕ್ಷಿ ಕೊಳೆಯುತ್ತದೆ ಎಂದು ಗೋಗರೆದ. ಹೆಂಗಸರು ರಸ್ತೆಯ ಅಗಲಕ್ಕೂ ನಡೆಯುತ್ತಿದ್ದರು. ಬಸ್ಸು ಅವರ ಹಿಂದೆ ತೆವಳುತ್ತಿತ್ತು. ಬೇಸಿಗೆಯೆಲ್ಲ ಅವನು ಗಲ್ಲ ಹಿಡಿದು ತಿರುಗಿಸಿದ್ದ ಮುಖಗಳಲ್ಲಿ ಒಂದೂ ತಿರುಗಲಿಲ್ಲ.